ಐಇಎಲ್‌ಟಿಎಸ್ ಮಾತಿನ ಪರೀಕ್ಷೆಗೆ ಸಂಗೀತದ ವಿಷಯವನ್ನು ಅಭ್ಯಾಸ ಮಾಡುವ ಬಗೆ

ವಿದೇಶದಲ್ಲಿ ಓದಲು ಅಥವಾ ಕೆಲಸ ಮಾಡಲು ಬಯಸುವವರು ತೆಗೆದುಕೊಳ್ಳುವ ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್. ಅದರ ಸ್ಪೀಕಿಂಗ್ ಪರೀಕ್ಷೆಯಲ್ಲಿ ಸಂಗೀತದ ಬಗ್ಗೆ ಪ್ರಶ್ನೆ ಬಂದರೆ ಹೆಚ್ಚಿನವರಿಗೆ ಮೊದಲು ಸಮಾಧಾನವೇ ಆಗುತ್ತದೆ, ಏಕೆಂದರೆ ಹಾಡು ಕೇಳದವರು ಯಾರೂ ಇಲ್ಲ. ಆದರೆ ಈ ಸುಲಭದ ವಿಷಯದಲ್ಲಿಯೇ ಅನೇಕರು ‘ಐ ಲೈಕ್ ಮ್ಯೂಸಿಕ್ ವೆರಿ ಮಚ್, ಇಟ್ ಗಿವ್ಸ್ ಮಿ ಪೀಸ್ ಆಫ್ ಮೈಂಡ್’ ಎಂದು ಹೇಳಿ ಮುಂದೆ ಮಾತು ಸಾಗದೆ ನಿಂತುಬಿಡುತ್ತಾರೆ. ನಾವು ಸಂಗೀತವನ್ನು ಬದುಕಿದ್ದು ಕನ್ನಡದಲ್ಲಿ. ಅಜ್ಜಿಯ ಹಾಡು, ಊರಿನ ಭಜನೆ, ಯಕ್ಷಗಾನದ ಚೆಂಡೆ ಇವುಗಳನ್ನು ಇಂಗ್ಲಿಷಿನಲ್ಲಿ ವಿವರಿಸುವ ಸಂದರ್ಭ ನಮಗೆ ಹಿಂದೆ ಬಂದೇ ಇರುವುದಿಲ್ಲ. ಅಭ್ಯಾಸ ಬೇಕಾಗಿರುವುದು ಆ ವಿವರಣೆಗೇ.

ಪರೀಕ್ಷೆಯ ಸ್ವರೂಪವನ್ನು ಚುಟುಕಾಗಿ ಹೇಳುತ್ತೇನೆ. ಒಟ್ಟು ಅವಧಿ 11ರಿಂದ 14 ನಿಮಿಷ. ಮೊದಲ ಭಾಗದಲ್ಲಿ ನಾಲ್ಕೈದು ನಿಮಿಷ ದಿನಬಳಕೆಯ ಪ್ರಶ್ನೆಗಳಿರುತ್ತವೆ. ಎರಡನೆಯ ಭಾಗದಲ್ಲಿ ಒಂದು ಕ್ಯೂ ಕಾರ್ಡ್, ಅಂದರೆ ಮಾತನಾಡಬೇಕಾದ ವಿಷಯವನ್ನು ಬರೆದ ಚೀಟಿ, ಕೊಟ್ಟು, ಯೋಚಿಸಿ ಟಿಪ್ಪಣಿ ಮಾಡಿಕೊಳ್ಳಲು 1 ನಿಮಿಷ ಬಿಟ್ಟು, ಒಂದರಿಂದ ಎರಡು ನಿಮಿಷ ಸತತವಾಗಿ ಮಾತನಾಡಿಸುತ್ತಾರೆ. ಮೂರನೆಯ ಭಾಗ ಅದೇ ವಿಷಯದ ಮೇಲೆ ನಾಲ್ಕೈದು ನಿಮಿಷದ ಚರ್ಚೆ. ಅಂಕಗಳು ನಾಲ್ಕು ಅಂಶಗಳಿಗೆ ಸಮನಾಗಿ ಹಂಚಿಕೆಯಾಗುತ್ತವೆ: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಿಮಗೆ ಸಂಗೀತ ಎಷ್ಟು ಗೊತ್ತು ಎಂಬುದಕ್ಕೆ ಅಂಕವಿಲ್ಲ.

ಆದ್ದರಿಂದ ಅಂತರ್ಜಾಲದಲ್ಲಿ ಸಿಗುವ ಮಾದರಿ ಉತ್ತರಗಳನ್ನು ಬಾಯಿಪಾಠ ಮಾಡುವ ಕೆಲಸವನ್ನು ದಯವಿಟ್ಟು ಬಿಡಿ. ಉರುಹೊಡೆದ ಉತ್ತರವನ್ನು ಗುರುತಿಸುವ ತರಬೇತಿ ಪರೀಕ್ಷಕರಿಗೆ ಇರುತ್ತದೆ. ಅಲ್ಲದೆ ಕೇಳಿಯೇ ಇರದ ಪಾಶ್ಚಾತ್ಯ ವಾದ್ಯವೃಂದವೊಂದರ ಬಗ್ಗೆ ಮಾತನಾಡುತ್ತಿರುವಾಗ ಪರೀಕ್ಷಕರು ಒಂದು ಮರುಪ್ರಶ್ನೆ ಹಾಕಿದರೂ ಮಾತು ಅಲ್ಲಿಗೇ ತಡವರಿಸುತ್ತದೆ. ನಿಮ್ಮ ಮನೆಯ, ನಿಮ್ಮ ಊರಿನ ಸಂಗೀತವನ್ನೇ ಆರಿಸಿಕೊಂಡರೆ ಎಂತಹ ಮರುಪ್ರಶ್ನೆಗೂ ಹೇಳಲು ಏನಾದರೂ ಇದ್ದೇ ಇರುತ್ತದೆ.

ಹಾಸನದ ಕಡೆಯ ನರ್ಸ್ ಒಬ್ಬರು ನನ್ನ ಬಳಿ ಅಭ್ಯಾಸಕ್ಕೆ ಬರುತ್ತಿದ್ದರು. ತಮಗೆ ಸಂಗೀತದ ಬಗ್ಗೆ ಹೇಳಲು ಏನೂ ಇಲ್ಲವೆಂದೇ ಅವರು ನಂಬಿದ್ದರು. ಮನೆಯಲ್ಲಿ ಯಾರು ಹಾಡುತ್ತಾರೆ ಎಂದು ಕನ್ನಡದಲ್ಲಿ ಕೇಳಿದಾಗ, ತಾಯಿ ಮದುವೆಮನೆಗಳಲ್ಲಿ ಸೋಬಾನೆ ಹಾಡುತ್ತಾರೆಂದು ಹೇಳತೊಡಗಿ, ಅರಿಸಿನ ಹಚ್ಚುವಾಗ ಒಬ್ಬರು ಸೊಲ್ಲು ಹಿಡಿಯುವುದು, ಉಳಿದ ಹೆಂಗಸರು ಅದನ್ನು ಮರುಹಾಡುವುದು, ನಡುವೆ ಪದ ಮರೆತರೆ ನಗುತ್ತಲೇ ಹೊಸದೊಂದನ್ನು ಕಟ್ಟಿ ಸೇರಿಸುವುದು, ಇಷ್ಟನ್ನೂ ಐದು ನಿಮಿಷ ತಡೆಯಿಲ್ಲದೆ ವಿವರಿಸಿದರು. ಅದನ್ನೇ ಇಂಗ್ಲಿಷಿಗೆ ತರಲು ಕುಳಿತೆವು. ‘ಸೋಬಾನೆ’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡು, ಅದರ ಬೆನ್ನಿಗೇ ಅರ್ಥವನ್ನು ಜೋಡಿಸಿದರು: ‘ಮೈ ಮದರ್ ಸಿಂಗ್ಸ್ ಸೋಬಾನೆ, ವಿಚ್ ಆರ್ ವೆಡ್ಡಿಂಗ್ ಸಾಂಗ್ಸ್ ದಟ್ ವಿಮೆನ್ ಇನ್ ಅವರ್ ವಿಲೇಜ್ ಸಿಂಗ್ ಟುಗೆದರ್.’ ಈ ‘ವಿಚ್ ಆರ್’ ಎಂಬ ಜೋಡಣೆ ಬಹಳ ಉಪಯೋಗಕ್ಕೆ ಬರುತ್ತದೆ. ಕನ್ನಡದ ಪದವನ್ನು ಬಿಡಬೇಕಾಗಿಲ್ಲ, ಕೇಳುವವರಿಗೆ ಅರ್ಥವೂ ಆಗುತ್ತದೆ, ಸಂಕೀರ್ಣ ವಾಕ್ಯವನ್ನು ಬಳಸಿದಂತೆಯೂ ಆಗುತ್ತದೆ. ರಾಗ, ತಾಳ, ಭಾವಗೀತೆ, ಡೊಳ್ಳು, ತಂಬೂರಿ, ಇಂತಹ ಹತ್ತು ಪದಗಳನ್ನು ಬರೆದುಕೊಂಡು ಒಂದೊಂದಕ್ಕೂ ಒಂದು ಸರಳ ಇಂಗ್ಲಿಷ್ ವಾಕ್ಯವನ್ನು ಸಿದ್ಧಪಡಿಸಿಕೊಳ್ಳುವುದು ಮೊದಲ ವಾರದ ಕೆಲಸವಾಗಲಿ.

ಎರಡನೆಯ ವಾರದಲ್ಲಿ ಕನ್ನಡವು ನಮ್ಮ ಇಂಗ್ಲಿಷಿನೊಳಗೆ ಬಂದು ಸೇರುವ ಜಾಗಗಳನ್ನು ಹುಡುಕಬೇಕು. ಸಂಗೀತದ ವಿಷಯದಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ‘ಕೇಳು’ ಎಂಬ ಕ್ರಿಯಾಪದ. ಹಾಡು ಕೇಳುವುದು, ಸದ್ದು ಕೇಳಿಸುವುದು, ಪ್ರಶ್ನೆ ಕೇಳುವುದು, ಎಲ್ಲಕ್ಕೂ ನಮಗೆ ಒಂದೇ ಧಾತು ಸಾಕು. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆಬೇರೆ ಪದಗಳು. ಮನಸ್ಸಿಟ್ಟು ಕೇಳುವುದಕ್ಕೆ ‘ಲಿಸನ್’, ಅದರ ಜೊತೆಗೆ ‘ಟು’ ಕಡ್ಡಾಯ: ‘ಐ ಲಿಸನ್ ಟು ಮ್ಯೂಸಿಕ್’. ‘ಐ ಹಿಯರ್ ಮ್ಯೂಸಿಕ್ ಡೈಲಿ’ ಎಂದರೆ ಪಕ್ಕದ ಮನೆಯ ಹಾಡು ಕಿವಿಗೆ ಬೀಳುತ್ತದೆ ಎಂಬ ಅರ್ಥ ಬರುತ್ತದೆ. ಇದಕ್ಕೆ ಪ್ರತಿಯಾಗಿ, ನಾವು ವೀಣೆಯನ್ನು ನುಡಿಸುತ್ತೇವೆ, ತಬಲಾ ಬಾರಿಸುತ್ತೇವೆ, ಕೊಳಲು ಊದುತ್ತೇವೆ; ಇಂಗ್ಲಿಷಿನಲ್ಲಿ ಎಲ್ಲವೂ ‘ಪ್ಲೇ’, ಮತ್ತು ವಾದ್ಯದ ಹೆಸರಿಗೆ ಮೊದಲು ಸಾಮಾನ್ಯವಾಗಿ ‘ದ’ ಬರುತ್ತದೆ. ‘ಚಿಕ್ಕಂದಿನಿಂದಲೇ’ ಎಂಬುದರ ಕೊನೆಯ ಏಕಾರವನ್ನು ‘ಫ್ರಮ್ ಚೈಲ್ಡ್‌ಹುಡ್ ಓನ್ಲಿ’ ಎಂದು ತಿರುಗಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಅದಕ್ಕೆ ‘ಎವರ್ ಸಿನ್ಸ್ ಐ ವಾಸ್ ಎ ಚೈಲ್ಡ್’ ಎನ್ನಬೇಕು. ಹಾಗೆಯೇ ಐದು ವರ್ಷಗಳಿಂದ ಕಲಿಯುತ್ತಿರುವವರು ‘ಐ ಆಮ್ ಲರ್ನಿಂಗ್ ಸಿನ್ಸ್ ಫೈವ್ ಇಯರ್ಸ್’ ಎನ್ನದೆ ‘ಐ ಹ್ಯಾವ್ ಬೀನ್ ಲರ್ನಿಂಗ್ ಫಾರ್ ಫೈವ್ ಇಯರ್ಸ್’ ಎಂದು ಹೇಳುವುದನ್ನು ನಾಲಿಗೆಗೆ ರೂಢಿಸಬೇಕು.

ಮೊದಲ ಭಾಗದ ಪ್ರಶ್ನೆಗಳಿಗೆ ಎರಡು ಮೂರು ವಾಕ್ಯಗಳು ಸಾಕು: ಉತ್ತರ, ಕಾರಣ, ಒಂದು ಸಣ್ಣ ವಿವರ.

ಕ್ಯೂ ಕಾರ್ಡಿಗೆ ಮಾತ್ರ ಬೇರೆಯದೇ ಸಿದ್ಧತೆ ಬೇಕು. ನಿಮಗೆ ಮುಖ್ಯವೆನಿಸಿದ ಒಂದು ಹಾಡು, ನೀವು ಹೋಗಿದ್ದ ಒಂದು ಕಛೇರಿ, ಕಲಿಯಬೇಕೆಂದಿರುವ ಒಂದು ವಾದ್ಯ, ಈ ಬಗೆಯ ಕಾರ್ಡುಗಳನ್ನು ನೀವೇ ಬರೆದುಕೊಂಡು, ಫೋನಿನಲ್ಲಿ 1 ನಿಮಿಷದ ಟೈಮರ್ ಇಟ್ಟು, ಪೂರ್ಣ ವಾಕ್ಯಗಳನ್ನಲ್ಲ, ಐದಾರು ಪದಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಟಿಪ್ಪಣಿಗೆ ಅಂಕವಿಲ್ಲ. ಆ ನರ್ಸ್‌ನ ಹಾಳೆಯಲ್ಲಿದ್ದದ್ದು ಇಷ್ಟೇ: ಚಿಕ್ಕಮ್ಮನ ಮದುವೆ, ಚಪ್ಪರ, ಅರಿಸಿನ, ಅಮ್ಮನ ಧ್ವನಿ, ಈಗ ಧ್ವನಿವರ್ಧಕ. ಕೊನೆಯ ಪದವೇ ಅವರಿಗೆ ಹೆಚ್ಚು ನೆರವಾಯಿತು. ಒಂದೂವರೆ ನಿಮಿಷವಾದ ಮೇಲೆ ಹೇಳಲು ಏನೂ ಉಳಿಯದಿದ್ದಾಗ, ಅಂದಿಗೂ ಇಂದಿಗೂ ಇರುವ ವ್ಯತ್ಯಾಸಕ್ಕೆ ತಿರುಗಿದರೆ ಇನ್ನೂ ಅರ್ಧ ನಿಮಿಷ ತಾನಾಗಿಯೇ ಸಾಗುತ್ತದೆ, ಭೂತಕಾಲ ಮತ್ತು ವರ್ತಮಾನಕಾಲ ಎರಡೂ ಬಳಕೆಗೆ ಬರುತ್ತವೆ.

ಮೂರನೆಯ ಭಾಗದಲ್ಲಿ ‘ತಂತ್ರಜ್ಞಾನದಿಂದ ಸಂಗೀತ ಕಲಿಕೆ ಹೇಗೆ ಬದಲಾಗಿದೆ’ ಎಂಬಂತಹ ಪ್ರಶ್ನೆಗಳು ಎದುರಾಗಬಹುದು. ಇಲ್ಲಿ ಬರಿಯ ಅಭಿಪ್ರಾಯ ಹೇಳಿದರೆ ಮಾತು ಬೇಗ ಬತ್ತುತ್ತದೆ. ಕೈಯಲ್ಲೊಂದು ಗಟ್ಟಿ ಉದಾಹರಣೆ ಇರಬೇಕು. ನಮ್ಮ ನಾಡಿನಲ್ಲಿ ಅದಕ್ಕೆ ಬರವಿಲ್ಲ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಭೀಮಸೇನ ಜೋಶಿಯವರು ಅದೇ ಗುರುಗಳ ಮನೆಯಲ್ಲಿ ಉಳಿದು ಕಲಿತರು. ‘ಇನ್ ದ ಪಾಸ್ಟ್, ಸ್ಟೂಡೆಂಟ್ಸ್ ಹ್ಯಾಡ್ ಟು ಟ್ರಾವೆಲ್ ಟು ದೇರ್ ಟೀಚರ್’ ಎಂದು ಆರಂಭಿಸಿ ಈ ಉದಾಹರಣೆ ಕೊಟ್ಟು, ‘ವೇರ್‌ಆ್ಯಸ್ ಟುಡೇ’ ಎಂದು ಇಂದಿನ ಆನ್‌ಲೈನ್ ಪಾಠಗಳಿಗೆ ಬಂದು, ಕೊನೆಗೆ ಯಾವುದು ಏಕೆ ಮೇಲೆಂದು ನಿಮಗನಿಸುತ್ತದೆ ಎಂಬುದನ್ನು ಹೇಳಿದರೆ ಉತ್ತರಕ್ಕೆ ತೂಕವೂ ಹೊಂದಿಕೆಯೂ ಬರುತ್ತವೆ. ಹೆಸರುಗಳು ಪರೀಕ್ಷಕರಿಗೆ ಪರಿಚಯವಿಲ್ಲದಿರಬಹುದು. ‘ಎ ಫೇಮಸ್ ಸಿಂಗರ್ ಫ್ರಮ್ ಮೈ ಸ್ಟೇಟ್’ ಎಂದು ಒಂದು ಮಾತು ಸೇರಿಸಿದರೆ ಸಾಕು.

ಉಚ್ಚಾರಣೆಯ ವಿಷಯದಲ್ಲಿ ಆತಂಕ ಬೇಡ. ಕನ್ನಡದ ಛಾಯೆ ಇರುವುದು ತಪ್ಪಲ್ಲ, ಮಾತು ಸ್ಪಷ್ಟವಾಗಿ ಅರ್ಥವಾಗಬೇಕು, ಅಷ್ಟೇ. ಆದರೂ ಕೆಲವನ್ನು ತಿದ್ದಿಕೊಳ್ಳುವುದು ಒಳ್ಳೆಯದು. ‘ಸಾಂಗು’, ‘ಬ್ಯಾಂಡು’ ಎಂದು ಕೊನೆಗೆ ಉಕಾರ ಸೇರಿಸಬಾರದು. ‘ಎವ್ರಿ’ ಎಂಬುದು ‘ಯೆವ್ರಿ’ ಆಗಬಾರದು, ‘ಓನ್ಲಿ’ ಎಂಬುದು ‘ವೋನ್ಲಿ’ ಆಗಬಾರದು. ‘ಮ್ಯೂಸಿಕ್’ ಎಂದು ನಾವು ಬರೆದರೂ ನಡುವಿನ ಸದ್ದು ‘ಸ’ ಅಲ್ಲ, ‘ಜ಼’. ಆ ಪದದಲ್ಲಿ ಒತ್ತು ಮೊದಲ ಅಕ್ಷರಕ್ಕೆ ಬಿದ್ದರೆ, ‘ಮ್ಯೂಜ಼ಿಷನ್’ ಎನ್ನುವಾಗ ಎರಡನೆಯದಕ್ಕೆ ಬೀಳುತ್ತದೆ.

ಪ್ರತಿದಿನ ಒಂದು ಕಾರ್ಡಿಗೆ ಮಾತನಾಡಿ, ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮೊದಲ ಸಲ ಕೇಳುವಾಗ ಎಲ್ಲಿ ತಡೆದಿರಿ ಎಂಬುದನ್ನು ಮಾತ್ರ ಗಮನಿಸಿ. ಎರಡನೆಯ ಸಲ ತಪ್ಪಿದ ಒಂದೆರಡು ವಾಕ್ಯಗಳನ್ನು ಬರೆದು ತಿದ್ದಿ. ಆಮೇಲೆ ಹಾಳೆ ಮುಚ್ಚಿಟ್ಟು ಅದೇ ವಿಷಯವನ್ನು ಬೇರೆ ಮಾತುಗಳಲ್ಲಿ ಹೇಳಿ. ಒಂದೇ ಮಾತನ್ನು ಮರುಹೇಳಿದರೆ ಮತ್ತೆ ಬಾಯಿಪಾಠವಾಗುತ್ತದೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವರೊಬ್ಬರು ಇದ್ದರೆ, ಅವರನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಮಾತು ಮುಗಿದ ಕೂಡಲೇ ಒಂದು ಅನಿರೀಕ್ಷಿತ ಪ್ರಶ್ನೆ ಕೇಳುವಂತೆ ಹೇಳಿ.