ಕಪ್ಪೆಚಿಪ್ಪನ್ನು ಸುಟ್ಟು ಕೆಟ್ಟೆ

ಬೇಸಿಗೆಯಲ್ಲಿ ಹರಿಹರದ ಬಳಿ ತುಂಗಭದ್ರೆಯ ನೀರು ಇಳಿದಾಗ ದಡದ ಕೆಸರಿನಲ್ಲಿ ಕಪ್ಪೆಚಿಪ್ಪು ಬೇಕಾದಷ್ಟು ಸಿಗುತ್ತದೆ. ಭೌತವಿಜ್ಞಾನದ ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಅದನ್ನೇ, ಲ್ಯಾಮೆಲ್ಲಿಡೆನ್ಸ್ ಎಂಬ ಕುಲದ್ದು. ದುಡ್ಡು ಕೊಡಬೇಕಿಲ್ಲ ಎಂಬುದೇ ಮುಖ್ಯ ಕಾರಣ.

ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪುಗಳಲ್ಲಿ ಅದು ಸಾಮಾನ್ಯವಾಗಿ ಕ್ಯಾಲ್ಸೈಟ್ ಆಗಿಯೋ ಅರಾಗೊನೈಟ್ ಆಗಿಯೋ ಹರಳುಗಟ್ಟಿರುತ್ತದೆ. ಪುಡಿಗೆ ತಾಮ್ರದ ನಳಿಗೆಯ ಎಕ್ಸ್-ಕಿರಣ ಹಾಯಿಸಿ, ಅದು ಯಾವ ಕೋನಕ್ಕೆ ಎಷ್ಟು ಚದುರಿತೆಂದು ನಕ್ಷೆ ಬರೆದರೆ ಕ್ಯಾಲ್ಸೈಟಿನ ದೊಡ್ಡ ಶಿಖರ 29.4 ಡಿಗ್ರಿಯಲ್ಲಿ ಏಳುತ್ತದೆ, ಅರಾಗೊನೈಟಿನದು 26.2 ಮತ್ತು 27.2ರಲ್ಲಿ, ಜೋಡಿಯಾಗಿ. ಇಷ್ಟನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ.

ಅರೆಯುವ ಮೊದಲು ಚಿಪ್ಪಿನೊಳಗಿನ ಜೈವಿಕ ಕೊಳೆ ಹೋಗಲೆಂದು ತುಂಡುಗಳನ್ನು ಮೂಸೆಯಲ್ಲಿಟ್ಟು 500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಎರಡು ಗಂಟೆ ಬಿಟ್ಟೆ. ಹೊರಗೆ ತೆಗೆದಾಗ ಬೂದುಬಣ್ಣಕ್ಕೆ ತಿರುಗಿ, ಹಪ್ಪಳದಂತೆ ಪದರಪದರವಾಗಿ ಬಿಟ್ಟುಕೊಂಡಿದ್ದವು. ಅರೆಯಲು ಸುಲಭವಾಯಿತೆಂದು ಖುಷಿಪಟ್ಟೆ. ಪುಡಿಗೆ ಎಕ್ಸ್-ಕಿರಣ ಹಾಯಿಸಿದಾಗ ಪರದೆಯ ಮೇಲೆ 29.4ರಲ್ಲಿ ಸೊಗಸಾದ ಶಿಖರ. ‘ಈ ಚಿಪ್ಪು ಕ್ಯಾಲ್ಸೈಟಿನದು’ ಎಂದು ಬರೆದೂ ಆಯಿತು.

ಪ್ರಾಜೆಕ್ಟಿನ ಮಾರ್ಗದರ್ಶಕಿ ಮೇಡಂ ಓದಿ ಕೇಳಿದ್ದು ಒಂದೇ ಮಾತು: “ಇದನ್ನು ಸುಟ್ಟೆಯಾ?”

ಚಿಪ್ಪಿನ ಅರಾಗೊನೈಟ್ 400 ಡಿಗ್ರಿಯ ಆಸುಪಾಸಿನಲ್ಲೇ ಕ್ಯಾಲ್ಸೈಟ್ ಆಗಿಬಿಡುತ್ತದೆ. ನಾನು ಅಳೆದದ್ದು ಚಿಪ್ಪಿನೊಳಗಿನ ಜೀವಿ ಕಟ್ಟಿದ ಹರಳನ್ನಲ್ಲ, ಕುಲುಮೆ ಕಟ್ಟಿದ್ದನ್ನು.

ಎರಡನೆಯ ಸಲ ಬೆಂಕಿಯ ಗೊಡವೆಗೇ ಹೋಗಲಿಲ್ಲ. ಮೇಲಿನ ಕಂದು ಸಿಪ್ಪೆಯನ್ನು ಬ್ಲೇಡಿನಿಂದ ಕೆರೆದು, ಬ್ಲೀಚ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಕೈಯಿಂದಲೇ ಅರೆದೆ. 26.2, 27.2 ಎರಡೂ ಎದ್ದವು. 29.4ರಲ್ಲಿ ಬಟ್ಟಬಯಲು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮೊದಲು ಪಾಲಿಷ್ ಮಾಡಿದ ಅಂಚನ್ನು ಇಟ್ಟೆ. ಕನ್ನಡಿಯ ನುಣುಪು, ಬೇರೇನೂ ಕಾಣಲಿಲ್ಲ. ಬ್ಲೀಚ್ ಮುಟ್ಟಿಸದ ಇನ್ನೊಂದು ಚಿಪ್ಪನ್ನು ಇಕ್ಕಳದಲ್ಲಿ ಹಿಡಿದು ಲಟಕ್ಕನೆ ಮುರಿದು, ಆ ಚೂರಿಗೆ ಚಿನ್ನದ ತೆಳು ಲೇಪ ಕೊಟ್ಟು ಇಟ್ಟಾಗ ನೋಟ ತೆರೆಯಿತು. ಹೊರಬದಿಯಲ್ಲಿ ಒತ್ತೊತ್ತಾಗಿ ನಿಂತ ಕಂಬಗಳು. ಒಳಬದಿಯಲ್ಲಿ ಚಿರೋಟಿಯಂತೆ ಒಂದರ ಮೇಲೊಂದು ಮಲಗಿದ ಬಿಲ್ಲೆಗಳು. ಎರಡೂ ಅರಾಗೊನೈಟೇ, ಜೋಡಣೆಯಷ್ಟೇ ಬೇರೆ. ಬಿಲ್ಲೆಯ ದಪ್ಪ ಸುಮಾರು ಅರ್ಧ ಮೈಕ್ರೊಮೀಟರ್, ಅಂದರೆ ಹೆಚ್ಚುಕಡಿಮೆ ಬೆಳಕಿನ ತರಂಗದ ಅಳತೆ. ಒಳಮೈ ಕಾಮನಬಿಲ್ಲಾಗಿ ಮಿನುಗುವುದು ಇದರಿಂದಲೇ.

ಬಿಲ್ಲೆಗಳ ಸಾಲುಗಳ ನಡುವೆ ಪ್ರೋಟೀನ್ ಮತ್ತು ಕೈಟಿನ್‌ಗಳ (ಕೀಟಗಳ ಹೊರಕವಚದಲ್ಲೂ ಇರುವ ಜೈವಿಕ ವಸ್ತು) ಅತಿ ತೆಳುವಾದ ಪೊರೆ ಇರುತ್ತದೆ. ಅವನ್ನು ಹಿಡಿದಿಡುವುದು ಅದೇ. ನಾನು ಕೊಳೆಯೆಂದು ಸುಟ್ಟದ್ದು ಆ ಪೊರೆಯನ್ನು. ಕುಲುಮೆಯಿಂದ ಹಪ್ಪಳಗಳು ಹೊರಬಂದದ್ದೇಕೆ ಎಂದು ಆಗ ತಿಳಿಯಿತು.