‘ಅನ್ನು’ ಎಲ್ಲಿ ಹೋಯಿತು?

ಇಂಗ್ಲಿಷ್ ಪತ್ರಿಕೆಯ ಗೂಢ ಪದಬಂಧ ಬಿಡಿಸುವವರಿಗೆ ಮರುದಿನ ಸಿಗುವುದು ಉತ್ತರ ಮಾತ್ರ. ಈ ಸುಳಿವಿಗೆ ಈ ಪದವೇ ಏಕೆ ಎಂದು ಪತ್ರಿಕೆ ಹೇಳುವುದಿಲ್ಲ. ಕಲಬುರಗಿಯ ದಾಲ್‌ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ನನಗೆ ಇದು ಸಹಿಸಲಾಗದ ಸಂಗತಿಯಾಗಿತ್ತು. ಮೊತ್ತ ಬರೆದು ಬಾಬತ್ತು ಬರೆಯದ ಕೀರ್ದಿಯನ್ನು ಯಾವ ಮಾಲೀಕ ಒಪ್ಪುತ್ತಾನೆ? ಹಾಗಾಗಿ ಸುಳಿವು, ಉತ್ತರ ಎರಡನ್ನೂ ಕತ್ತರಿಸಿ ನೋಟುಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ವಿವರಣೆಯನ್ನು ನಾನೇ ಬರೆಯತೊಡಗಿದೆ. ಬಿಡಿಸುವುದನ್ನು ಕಲಿತದ್ದು ಆಮೇಲೆ. ವಿವರಿಸುವುದನ್ನು ಮೊದಲು ಕಲಿತೆ.

ಗೂಢ ಸುಳಿವಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಉತ್ತರದ ನೇರ ಅರ್ಥ. ಇನ್ನೊಂದು, ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ಸೂಚನೆ, ಕೆಲವೊಮ್ಮೆ ಅದೇ ಉತ್ತರದ ಇನ್ನೊಂದು ಅರ್ಥ. ಸುಳಿವು ರಚಿಸುವವರು ಎರಡರ ನಡುವಿನ ಗೆರೆಯನ್ನು ಅಳಿಸಿ, ಇಡಿಯಾಗಿ ಸಹಜ ವಾಕ್ಯವೊಂದನ್ನು ಮುಂದಿಡುತ್ತಾರೆ. ಅರ್ಥದ ಭಾಗ ಸಾಮಾನ್ಯವಾಗಿ ವಾಕ್ಯದ ಆರಂಭದಲ್ಲಿರುತ್ತದೆ, ಇಲ್ಲವೇ ಕೊನೆಯಲ್ಲಿ. ನಡುವೆ ಅಡಗಿ ಕೂರುವಂತಿಲ್ಲ. ಒಗಟಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಒಗಟಿನಲ್ಲಿ ನಮ್ಮ ಊಹೆ ಸರಿಯೋ ತಪ್ಪೋ ಎಂದು ಒಗಟು ಹಾಕಿದ ಅಜ್ಜಿಯೇ ಹೇಳಬೇಕು. ಇಲ್ಲಿ ಎರಡು ಕಡೆಯಿಂದ ಬಂದ ಉತ್ತರ ಒಂದೇ ಆದರೆ ಯಾರನ್ನೂ ಕೇಳಬೇಕಿಲ್ಲ. ಬಸವಕಲ್ಯಾಣ ಹತ್ತಿರವೇ ಇರುವ ನಮ್ಮ ಸೀಮೆಯವರಿಗೆ ಒಗಟಿನಂತೆ ಅರ್ಥ ಅಡಗಿಸಿದ ಬೆಡಗಿನ ವಚನಗಳು ಹೊಸತಲ್ಲ, ಅವಕ್ಕೆ ಟೀಕೆ, ಅಂದರೆ ಅರ್ಥವಿವರಣೆ, ಬರೆದವರ ಪರಂಪರೆಯೂ ಇದೆ. ಆದರೆ ಅಲ್ಲಿ ಟೀಕೆಯಿಂದ ಟೀಕೆಗೆ ಅರ್ಥ ಬದಲಾಗಬಹುದು, ಬದಲಾಗುವುದೇ ಸೊಗಸು. ಪದಬಂಧದ ಚೌಕಕ್ಕೆ ಆ ಉದಾರತೆ ಇಲ್ಲ.

ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ, 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ಆರ್ಥರ್ ವಿನ್ ರಚಿಸಿದ ಅದರ ಆಕಾರ ವಜ್ರದ್ದು, ಸುಳಿವುಗಳೆಲ್ಲ ನೇರ. ಅದನ್ನು ಗೂಢವಾಗಿಸಿದವರು ಇಂಗ್ಲೆಂಡಿನವರು. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ಕೊಟ್ಟ ಎಡ್ವರ್ಡ್ ಪೊವಿಸ್ ಮ್ಯಾದರ್ಸ್ ತನಗೆ ಇಟ್ಟುಕೊಂಡ ಹೆಸರು ಟಾರ್ಕೆಮಾಡಾ, ಅಂದರೆ ಸ್ಪೇನಿನ ಧರ್ಮವಿಚಾರಣೆಯಲ್ಲಿ ಚಿತ್ರಹಿಂಸೆಗೆ ಕುಖ್ಯಾತನಾದ ಅಧಿಕಾರಿಯದು. ಬಿಡಿಸುವವರನ್ನು ಹೇಗೆ ಕಾಣುತ್ತಿದ್ದರೆಂದು ಇದರಿಂದಲೇ ತಿಳಿಯುತ್ತದೆ. ನಂತರ ಬಂದವರು ಹಿಂಸೆಗೂ ಒಂದು ಕಾನೂನು ಬೇಕೆಂದರು. ಅಫ್ರಿಟ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎ. ಎಫ್. ರಿಚಿ 1949ರಲ್ಲಿ ಹೇಳಿದ ಮಾತಿನ ಸಾರ ಹೀಗಿದೆ: ನಾನು ಹೇಳಿದಂತೆ ಕಾಣುವುದೇ ನನ್ನ ಅರ್ಥವಾಗಿರಬೇಕಿಲ್ಲ, ಆದರೆ ನನ್ನ ಅರ್ಥ ಏನೋ ಅದನ್ನು ನಾನು ಹೇಳಿರಲೇಬೇಕು. ನನ್ನ ನೋಟುಬುಕ್ಕಿನ ಮೊದಲ ಪುಟದಲ್ಲಿ ಇದನ್ನು ಬರೆದುಕೊಂಡಿದ್ದೇನೆ. ಸುಳಿವು ಕೊಡುವವರಿಗೆ ಮೋಸದ ಹಕ್ಕು ಇದೆ, ಅನ್ಯಾಯದ ಹಕ್ಕು ಇಲ್ಲ. ಇಂಗ್ಲಿಷಿನಲ್ಲಿ ‘ಫ್ಲವರ್’ ಎಂದು ಬರೆದು, ಅದನ್ನು ‘ಫ್ಲೋ’ (ಹರಿ) ಎಂಬುದರಿಂದ ಬಂದ ಪದವೆಂಬಂತೆ ಹಿಡಿದು, ಹೂವಿನ ಬದಲು ‘ಹರಿಯುವುದು’ ಎಂಬ ಅರ್ಥದಲ್ಲಿ ನದಿಯನ್ನು ಕೇಳುತ್ತಾರೆ. ಮೊದಲ ಸಲ ಸಿಟ್ಟು ಬರುತ್ತದೆ. ಆದರೆ ತಪ್ಪು ಹುಡುಕಲು ಹೋದರೆ ಸಿಗುವುದಿಲ್ಲ.

ಜನವರಿ, ಫೆಬ್ರುವರಿಯಲ್ಲಿ ತೊಗರಿ ಆವಕ ಜೋರಾಗಿರುವಾಗ ನನಗೆ ತಲೆ ಎತ್ತಲು ಬಿಡುವಿರುವುದಿಲ್ಲ. ಮಳೆಗಾಲದ ಸಂಜೆಗಳು ನಮ್ಮವು. ಪಕ್ಕದ ಮನೆಯ ವಕೀಲ್ ಸಾಹೇಬರು, ವಾಡಿ ಜಂಕ್ಷನ್‌ನಲ್ಲಿ ನೌಕರಿ ಮಾಡಿ ನಿವೃತ್ತರಾದ ರೈಲ್ವೆ ಕಾಕಾ, ನನ್ನ ಅಣ್ಣನ ಮಗಳು, ಅವಳ ಜೊತೆ ಓದುವ ಯಾದಗಿರಿಯ ಒಬ್ಬ ಹುಡುಗ, ಇಷ್ಟು ಜನ ಪಡಸಾಲೆಯಲ್ಲಿ ಸೇರುತ್ತೇವೆ. ಇಂಗ್ಲಿಷಿನ ಸುಳಿವು ವಿವರಿಸುತ್ತ ಹೋದಂತೆ, ಇದನ್ನು ಕನ್ನಡದಲ್ಲಿ ಏಕೆ ಕಟ್ಟಬಾರದು ಎಂಬ ಮಾತು ಬಂತು. ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ.

ಮೊದಲ ತೊಡಕು ಅಕ್ಷರದ್ದು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಬಿಡಿ ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತು, ಅನುಸ್ವಾರ ಎಲ್ಲವನ್ನೂ ಹೊತ್ತ ಇಡೀ ಅಕ್ಷರ ಒಂದೇ ಮನೆಯಲ್ಲಿ ಕೂರುತ್ತದೆ. ಇಂಗ್ಲಿಷಿನವರ ಮುಖ್ಯ ಆಯುಧ ಅಕ್ಷರಪಲ್ಲಟ, ಅಂದರೆ ಒಂದು ಪದದ ಅಕ್ಷರಗಳನ್ನು ಕಲಸಿ ಇನ್ನೊಂದು ಪದ ಮಾಡುವುದು. ಒಂಬತ್ತು ಬೇರೆ ಬೇರೆ ಅಕ್ಷರಗಳನ್ನು 3,62,880 ರೀತಿ ಜೋಡಿಸಬಹುದು. ಕನ್ನಡದ ಮೂರಕ್ಷರದ ಪದಕ್ಕೆ ಆರೇ ಜೋಡಣೆ. ಬಿಡಿಸುವವರು ಬೆರಳು ಮಡಿಸುವಷ್ಟರಲ್ಲಿ ಮುಗಿಯುತ್ತದೆ. ಆದ್ದರಿಂದ ಕನ್ನಡದಲ್ಲಿ ಪಲ್ಲಟದ ಬಲವೆಲ್ಲ ಅದನ್ನು ಮರೆಮಾಚುವುದರಲ್ಲೇ ಇರಬೇಕು. ನನಗೆ ಇಂದಿಗೂ ಹೆಮ್ಮೆ ತರುವ ಸುಳಿವು ಇದು (ಕೊನೆಯ ಅಂಕಿ ಉತ್ತರದ ಅಕ್ಷರಗಳ ಸಂಖ್ಯೆ):

ದಾರಿ ತಪ್ಪಿದ ಮಗನ ಲಕ್ಷ್ಯ (3)

ಓದಿದವರೆಲ್ಲ ಮಗನ ಚಿಂತೆಗೆ ಬೀಳುತ್ತಾರೆ. ಅರ್ಥದ ಭಾಗ ‘ಲಕ್ಷ್ಯ’. ‘ಮಗನ’ ಎಂಬ ಮೂರು ಅಕ್ಷರಗಳು ದಾರಿ ತಪ್ಪಿವೆ, ಅಂದರೆ ಸ್ಥಾನ ಬದಲಿಸಿವೆ. ಉತ್ತರ ‘ಗಮನ’. ನಾಲ್ಕು ಪದಗಳಲ್ಲಿ ಒಂದೂ ಸುಮ್ಮನೆ ಕುಳಿತಿಲ್ಲ. ಮೊದಲು ಇದನ್ನು ‘ಮಗನ ದಾರಿ ತಪ್ಪಿದೆ, ಲಕ್ಷ್ಯ ಇರಲಿ’ ಎಂದು ಬರೆಯುವ ಆಸೆಯಾಗಿತ್ತು, ಕಿವಿಗೆ ಅದೇ ಇಂಪು. ಆದರೆ ‘ಇರಲಿ’ ಏನು ಕೆಲಸ ಮಾಡುತ್ತಿದೆ? ಏನೂ ಇಲ್ಲ. ಹೋಗಲಿ ಎಂದು ತೆಗೆದೆ. (ಆರು ಜೋಡಣೆಗಳಲ್ಲಿ ‘ನಮಗ’ವೂ ಒಂದು. ನಮ್ಮ ಆಡುಮಾತಿನಲ್ಲಿ ಅದಕ್ಕೂ ಅರ್ಥವಿದೆಯೆಂದು ರೈಲ್ವೆ ಕಾಕಾ ನೆನಪಿಸಿದರು.)

ಪದವನ್ನು ತಿರುಗಿಸುವ ಸುಳಿವಿಗೂ ಕನ್ನಡದಲ್ಲಿ ಒಂದು ಬೇಲಿ ಇದೆ. ಕತ್ತಿ, ಅಣ್ಣ, ಹಳ್ಳ, ಬುತ್ತಿ ಇಂಥ ಪದಗಳನ್ನು ತಿರುಗಿಸಿದರೆ ಒತ್ತಕ್ಷರ ಮುಂದೆ ಬರುತ್ತದೆ, ದ್ವಿತ್ವದಿಂದ ಶುರುವಾಗುವ ಪದ ಕನ್ನಡದಲ್ಲಿಲ್ಲ. ಹೀಗೆ ಅಚ್ಚಗನ್ನಡದ ಎಷ್ಟೋ ಪದಗಳು ಮೊದಲೇ ಕೈಬಿಟ್ಟುಹೋಗುತ್ತವೆ. ಉಳಿದವುಗಳಲ್ಲಿ ಚಿನ್ನ ಸಿಗುತ್ತದೆ. ‘ನದಿ’ಯನ್ನು ತಿರುಗಿಸಿದರೆ ‘ದಿನ’. ‘ಭೀಮೆ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ (2)’ ಎಂದು ವಕೀಲರು ಬರೆದು ತಂದರು. ಎಲ್ಲರೂ ಮೆಚ್ಚಿದರು. ನಾನು ಮಾತ್ರ ತಕರಾರು ತೆಗೆದೆ. ಭೀಮೆ ಒಂದು ನದಿ, ಆದರೆ ನದಿ ಎಂದರೆ ಭೀಮೆಯಲ್ಲ. ಕೃಷ್ಣೆಯೂ ಆಗಬಹುದು, ಕಾಗಿಣಾವೂ ಆಗಬಹುದು. ಉದಾಹರಣೆ ಕೊಟ್ಟು ಜಾತಿಯನ್ನು ಕೇಳುವಾಗ ಅದು ಉದಾಹರಣೆ ಎಂದು ಹೇಳಿಬಿಡಬೇಕು. ‘ಭೀಮೆಯಂಥದ್ದು ಹಿಂದಕ್ಕೆ ಹರಿದರೆ...’ ಎಂದು ತಿದ್ದಿದೆವು. ಸೊಗಸು ಒಂದಿಷ್ಟು ಕಡಿಮೆಯಾಯಿತು ಎಂದು ವಕೀಲರು ಈಗಲೂ ಗೊಣಗುತ್ತಾರೆ.

ಅಡಗಿಸಿಡುವ ಸುಳಿವಿಗೆ ಮಾತ್ರ ಕನ್ನಡದಂಥ ಭಾಷೆ ಇನ್ನೊಂದಿಲ್ಲ ಎನ್ನಿಸುತ್ತದೆ. ‘ಹಳೆಯ ಮನೆಯೊಳಗೆ ಕೋಣ ಏರಿದವನು (2)’. ‘ಹಳೆಯ ಮನೆ’ ಎಂಬ ಪದಗಳ ಸಂದಿನಲ್ಲೇ ‘ಯಮ’ ಕುಳಿತಿದ್ದಾನೆ. ‘ಒಳಗೆ’ ಎಂಬ ಸೂಚನೆ ಬೇರೆ ಪದವಾಗಿ ನಿಲ್ಲದೆ ಮನೆಗೆ ಅಂಟಿಕೊಂಡಿರುವುದರಿಂದ ಕಣ್ಣು ಅದನ್ನು ದಾಟಿ ಹೋಗುತ್ತದೆ.

ಈ ಅಂಟಿಕೊಳ್ಳುವ ಗುಣವೇ ನಮ್ಮ ದೊಡ್ಡ ಜಗಳಕ್ಕೂ ಕಾರಣವಾಯಿತು. ವಕೀಲರು ‘ರಾಜನನ್ನು ಹುಡುಕು (3)’ ಎಂದು ಬರೆದರು. ಉತ್ತರ ‘ಅರಸು’. ಅರಸು ಎಂದರೆ ರಾಜ, ಅರಸು ಎಂದರೆ ಹುಡುಕು. ಎರಡು ಅರ್ಥ, ಒಂದು ಪದ, ಎರಡೇ ಪದಗಳ ವಾಕ್ಯ. ಇದಕ್ಕಿಂತ ಚೊಕ್ಕ ಸುಳಿವು ಬೇಕೇ ಎನ್ನುವಷ್ಟರಲ್ಲಿ ಅಣ್ಣನ ಮಗಳು ಕೇಳಿದಳು: “ಕಾಕಾ, ‘ಅನ್ನು’ ಎಲ್ಲಿ ಹೋಯಿತು? ಅರಸು ಎಂದರೆ ರಾಜ. ‘ರಾಜನನ್ನು’ ಎಂದರೆ ‘ಅರಸನ್ನು’ ಆಗಬೇಕಲ್ಲ?”

ವಕೀಲರು ವಾದ ಹೂಡಿದರು. ಪ್ರತ್ಯಯ ವಾಕ್ಯವನ್ನು ಕಟ್ಟುವ ಗಾರೆ, ಅದನ್ನು ಲೆಕ್ಕಕ್ಕೆ ಹಿಡಿದರೆ ಕನ್ನಡದಲ್ಲಿ ಒಂದು ಸುಳಿವೂ ನಿಲ್ಲುವುದಿಲ್ಲ ಎಂದರು. ನಾನು ಹುಡುಗಿಯ ಪಕ್ಷ. ಇಂಗ್ಲಿಷಿನಲ್ಲಿ ಬಿಡಿ ಪದಗಳಿಗೆ ಲೆಕ್ಕ ಕೊಟ್ಟರೆ ಸಾಕು. ಕನ್ನಡದಲ್ಲಿ ಪದದ ಬಾಲಕ್ಕೂ ಲೆಕ್ಕ ಕೊಡಬೇಕು. ಹಾಗೆಂದು ವಿಭಕ್ತಿ ಬಳಸಲೇಬಾರದು ಎಂದಲ್ಲ. ‘ಮನುಷ್ಯನ ನಡುವೆ ಗಲಾಟೆಯ ಆರಂಭ: ಪಟ್ಟಣ (3)’ ಎಂಬ ಸುಳಿವನ್ನು ನೋಡಿ. ‘ನರ’ನ ನಡುವೆ ‘ಗಲಾಟೆ’ಯ ಮೊದಲಕ್ಷರ ಇಟ್ಟರೆ ‘ನಗರ’. ಇಲ್ಲಿ ‘ಮನುಷ್ಯನ’ ಎಂಬ ಷಷ್ಠಿ ‘ನಡುವೆ’ಗೆ ಬೇಕೇಬೇಕು, ಅಕ್ಷರ ಕಟ್ಟುವ ಸೂಚನೆಯಲ್ಲೂ ಅದಕ್ಕೆ ಕೆಲಸವಿದೆ. ‘ರಾಜನನ್ನು’ ಎಂಬಲ್ಲಿನ ದ್ವಿತೀಯಾ ವಿಭಕ್ತಿಗೆ ತೋರಿಕೆಯ ವಾಕ್ಯದಲ್ಲಿ ಮಾತ್ರ ಕೆಲಸ. ಕೊನೆಗೆ ‘ರಾಜ, ಹುಡುಕು (3)’ ಎಂದು ಬದಲಿಸಿದೆವು. ಯಾರನ್ನೋ ಪ್ರೀತಿಯಿಂದ ಕರೆದು ಹುಡುಕಲು ಹೇಳಿದಂತಾಯಿತು.

ಬಿಡಿಸುವವರಿಗೆ ಇದರಿಂದ ಒಂದು ಉಪಾಯ ಸಿಗುತ್ತದೆ. ಸುಳಿವು ಓದಿದೊಡನೆ ಪ್ರತ್ಯಯಗಳನ್ನು ನೋಡುತ್ತೇನೆ. ಯಾವ ಪ್ರತ್ಯಯ ಯಾವ ಪದಕ್ಕೆ ದುಡಿಯುತ್ತಿದೆ ಎಂದು ತಿಳಿದರೆ ಗೆರೆ ಎಲ್ಲಿದೆ ಎಂಬುದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಇನ್ನೊಂದು, ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ, ಮುಖ್ಯ ಪದ ಹಿಂದೆ. ಅದಕ್ಕೇ ಅರ್ಥದ ಭಾಗ ಕೊನೆಗೆ ಬರುವುದು ಹೆಚ್ಚು. ಮೊದಲು ಕೊನೆಯ ಪದವನ್ನೇ ಹಿಡಿಯುತ್ತೇನೆ; ಅಲ್ಲಿ ಸಿಗದಿದ್ದರೆ ಮಾತ್ರ ಆರಂಭಕ್ಕೆ ಹೋಗುತ್ತೇನೆ.

ವಿವರಿಸುವಾಗ ಉತ್ತರವನ್ನು ಕೊನೆಗೆ ಹೇಳುತ್ತೇನೆ. ಮೊದಲು ಗೆರೆ ಎಲ್ಲಿದೆ ಎಂದಷ್ಟೇ ತೋರಿಸುತ್ತೇನೆ. ಅರ್ಧಕ್ಕರ್ಧ ಸಲ ಅಷ್ಟು ಸಾಕು. ಆಗದಿದ್ದರೆ ಸುಳಿವಿನ ಬಗೆ ಹೇಳುತ್ತೇನೆ: ಪಲ್ಲಟವೋ, ತಿರುವೋ, ಅಡಗಿಸಿದ್ದೋ. ಉತ್ತರವನ್ನೇ ಮೊದಲು ಹೇಳಿ ಆಮೇಲೆ ಸಮರ್ಥಿಸಿದರೆ ಕೇಳುವವರು ತಲೆಯಾಡಿಸುತ್ತಾರೆ, ಮರುದಿನ ಅದೇ ಬಗೆಯ ಸುಳಿವಿಗೆ ಮತ್ತೆ ತಡವರಿಸುತ್ತಾರೆ.

ಈಗ ನಮ್ಮ ಮುಂದಿರುವ ಜಗಳ ಯಾದಗಿರಿಯದು. ರೈಲ್ವೆ ಕಾಕಾ ‘ಉರ್ದುವಿನ ನೆನಪು, ಕನ್ನಡದ ಬೆಟ್ಟ: ಜಿಲ್ಲಾ ಕೇಂದ್ರ (4)’ ಎಂದರು. ಎರಡೂ ಭಾಷೆ ಬೆರೆತ ನಮ್ಮ ಊರುಗಳಿಗೆ ಒಪ್ಪುವ ಸುಳಿವು, ಆದರೆ ಉರ್ದುವಿನದು ‘ಯಾದ್’, ಅರ್ಧಾಕ್ಷರ. ಚೌಕದಲ್ಲಿ ಬೇಕಾದದ್ದು ಪೂರ್ತಿ ‘ದ’. ಆಗ ಯಾದಗಿರಿಯ ಹುಡುಗ ತನ್ನ ಊರಿಗೆ ತಾನೇ ಒಂದು ಸುಳಿವು ಬರೆದ: ‘ಕೊನೆಯಿಲ್ಲದ ಕೃಷ್ಣನ ಬೆಟ್ಟ ಒಂದು ಜಿಲ್ಲಾ ಕೇಂದ್ರ’. ಕೃಷ್ಣನೆಂದರೆ ಯಾದವ, ಅವನ ಕೊನೆಯ ಅಕ್ಷರ ತೆಗೆದರೆ ‘ಯಾದ’, ಪಕ್ಕದಲ್ಲಿ ‘ಗಿರಿ’. ಅನಂತನನ್ನು ‘ಕೊನೆಯಿಲ್ಲದ’ ಎಂದಿರುವುದಕ್ಕೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ವಕೀಲರು ಮಾತ್ರ ನನ್ನ ಕಡೆ ತಿರುಗಿ, ‘ಕೃಷ್ಣನ’ ಎಂಬಲ್ಲಿನ ಷಷ್ಠಿಗೆ ಏನು ಕೆಲಸ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಇಂಥದ್ದನ್ನು ಒಪ್ಪುತ್ತಾರೆ: ಒಂದರದು ಇನ್ನೊಂದು ಎಂದರೆ ಒಂದರ ಪಕ್ಕ ಇನ್ನೊಂದು ಎಂದು ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ‘ಕೊನೆಯಿಲ್ಲದ ಕೃಷ್ಣ, ಬೆಟ್ಟ: ಜಿಲ್ಲಾ ಕೇಂದ್ರ’ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಹುಡುಗ ತನ್ನದನ್ನೇ ಉಳಿಸಿಕೊಂಡಿದ್ದಾನೆ.