ವರ್ಷದ ಬಾಕ್ಸರ್: ನನ್ನ ವೋಟು ಬದಲಾದ ಕಥೆ

2023ರ ಜುಲೈ ಕೊನೆಯಲ್ಲಿ ನಮ್ಮ ನಾಲ್ವರ ನಡುವೆ ಹತ್ತಿಕೊಂಡ ಜಗಳ ಡಿಸೆಂಬರ್ ಮುಗಿಯುವ ತನಕ ಆರಲಿಲ್ಲ. ಜುಲೈ 25ಕ್ಕೆ ಟೋಕಿಯೊದಲ್ಲಿ ನವೋಯಾ ಇನೋಯೆ ಎಂಟನೇ ರೌಂಡಿನಲ್ಲಿ ಸ್ಟೀಫನ್ ಫುಲ್ಟನ್‌ನನ್ನು ಮುಗಿಸಿದ. ನಾಲ್ಕೇ ದಿನ ಬಿಟ್ಟು ಲಾಸ್ ವೇಗಸ್‌ನಲ್ಲಿ ಟೆರೆನ್ಸ್ ಕ್ರಾಫರ್ಡ್, ಎರಲ್ ಸ್ಪೆನ್ಸ್‌ನನ್ನು ಮೂರು ಸಲ ಕೆಡವಿ ಒಂಬತ್ತನೇ ರೌಂಡಿನಲ್ಲಿ ಆಟ ಮುಗಿಸಿದ. ವರ್ಷವಿಡೀ ಕಾದರೂ ಇಂಥದ್ದೊಂದು ಸಿಗುವುದು ಕಷ್ಟ, ಆ ಸಲ ಒಂದೇ ವಾರದಲ್ಲಿ ಎರಡು. ಸ್ಪೆನ್ಸ್ ಪಂದ್ಯ ಮುಗಿದ ಹತ್ತು ನಿಮಿಷಕ್ಕೆ ನಾನು ಉಳಿದ ಮೂವರಿಗೂ ಹೇಳಿಬಿಟ್ಟೆ: "ಈ ವರ್ಷದ ಚರ್ಚೆ ಇಲ್ಲಿಗೆ ಮುಗಿಯಿತು. ಕ್ರಾಫರ್ಡ್."

ನಾವು ಪ್ರತಿ ವರ್ಷದ ಕೊನೆಗೆ ಕೂತು 'ವರ್ಷದ ಬಾಕ್ಸರ್' ಯಾರೆಂದು ವೋಟು ಹಾಕುತ್ತೇವೆ. ಕಪ್ಪಿಲ್ಲ, ಕಾಸಿಲ್ಲ, ಗೆದ್ದವನಿಗೆ ತಾನು ಗೆದ್ದ ಸುದ್ದಿಯೂ ತಲುಪುವುದಿಲ್ಲ. ಜಗಳ ಮಾತ್ರ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಷ್ಟು ಗಂಭೀರ. ನಮ್ಮಲ್ಲೊಬ್ಬ ಹಿಂದೆ ಅಮೆಚೂರ್ ಬಾಕ್ಸರ್ ಆಗಿದ್ದವನು. ಮೂಗು ಇನ್ನೂ ಸ್ವಲ್ಪ ಎಡಕ್ಕೆ ವಾಲಿದೆ. ಮಾತು ಕಡಿಮೆ. ಉಳಿದ ಮೂವರಿಗೆ ಏಟು ತಿಂದ ಅನುಭವವಿಲ್ಲ, ಹಾಗಾಗಿ ಮಾತು ಜಾಸ್ತಿ.

ಹೀಗೆ ಬಾಯಿಬಿಟ್ಟು ಸಿಕ್ಕಿಬಿದ್ದದ್ದು ನನಗೆ ಹೊಸದೇನಲ್ಲ. 2012ರ ಡಿಸೆಂಬರ್ 8ರಂದು ಹ್ವಾನ್ ಮ್ಯಾನುಯೆಲ್ ಮಾರ್ಕೆಸ್, ಆರನೇ ರೌಂಡ್ ಮುಗಿಯಲು ಒಂದೇ ಸೆಕೆಂಡ್ ಇದ್ದಾಗ ಮ್ಯಾನಿ ಪಕಿಯಾವೊಗೆ ಬಲಗೈಯಲ್ಲಿ ಕೊಟ್ಟ. ಪಕಿಯಾವೊ ಮುಖ ಅಡಿಯಾಗಿ ಬಿದ್ದವನು ಅಲುಗಲಿಲ್ಲ. ಅಲ್ಲಿಯವರೆಗೆ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ ಪಕಿಯಾವೊನೇ 47-46ರಿಂದ ಮುಂದಿದ್ದ, ಮಾರ್ಕೆಸ್‌ನ ಮೂಗು ರಕ್ತಮಯ. ಇವರಿಬ್ಬರ ಹಿಂದಿನ ಮೂರು ಪಂದ್ಯಗಳಲ್ಲಿ ಮಾರ್ಕೆಸ್‌ಗೆ ಸಿಕ್ಕಿದ್ದು ಒಂದು ಡ್ರಾ, ಎರಡು ಸೋಲು. ಎಂಟು ವರ್ಷದ ಬಾಕಿಯನ್ನು ಒಂದೇ ಏಟಿನಲ್ಲಿ ತೀರಿಸಿಕೊಂಡ ಮನುಷ್ಯ! ನನ್ನ ವೋಟು ಬೇರೆ ಯಾರಿಗೆ ಹೋಗಲು ಸಾಧ್ಯ?

ಆಗ ಮೂಗು ವಾಲಿದವನು ಫಿಲಿಪೀನ್ಸ್ ಮೂಲದ ಬಾಕ್ಸರ್ ನೊನಿಟೊ ಡೊನೇರ್‌ನ ಮಾತೆತ್ತಿ ಕೇಳಿದ, "ಡೊನೇರ್ ಈ ವರ್ಷ ಎಷ್ಟು ಸಲ ರಿಂಗಿಗೆ ಇಳಿದ?" ಎರಡು ಸಲ ಇರಬೇಕು ಅಂದೆ. ನಾಲ್ಕು. ಎದುರಾಳಿಗಳು ವಾಸ್ಕೆಸ್ ಜೂನಿಯರ್, ಮಥೆಬುಲಾ, ನಿಶಿಯೋಕಾ, ಆರ್ಸೆ. ನಾಲ್ಕೂ ಗೆಲುವು, ಜೊತೆಗೆ ವರ್ಷದ ಯಾವ ದಿನ ಬೇಕಾದರೂ ಬಂದು ಡೋಪಿಂಗ್ ಪರೀಕ್ಷೆ ಮಾಡಿ ಎಂದು ಡೊನೇರ್ ತಾನಾಗಿಯೇ ಒಪ್ಪಿಕೊಂಡಿದ್ದ. ವಾಸ್ಕೆಸ್ ಜೊತೆಗಿನ ಫೆಬ್ರವರಿಯ ಪಂದ್ಯವನ್ನು ನಾನು ಕೂತು ನೋಡಿದ್ದೆ, ಡಿಸೆಂಬರ್‌ನಲ್ಲಿ ಅದು ನೆನಪಿನಲ್ಲೇ ಇರಲಿಲ್ಲ. ಆ ವರ್ಷ 'ದಿ ರಿಂಗ್' ಪತ್ರಿಕೆ ಮಾರ್ಕೆಸ್‌ನನ್ನು ಆರಿಸಿತು, ಅಮೆರಿಕದ ಬಾಕ್ಸಿಂಗ್ ಬರಹಗಾರರ ಸಂಘ ಡೊನೇರ್‌ನನ್ನು ಆರಿಸಿತು. ಒಂದು 1928ರಿಂದ, ಇನ್ನೊಂದು 1938ರಿಂದ ಈ ಕೆಲಸ ಮಾಡಿಕೊಂಡು ಬಂದಿವೆ, ಅವರಲ್ಲೇ ಒಮ್ಮತ ಇಲ್ಲ. ಅದನ್ನು ತೋರಿಸಿ ನಾನು ಮಾನ ಉಳಿಸಿಕೊಂಡೆ. ಆದರೆ ನಾನು ಲೆಕ್ಕ ಹಾಕಿ ವೋಟು ಹಾಕಿದವನಲ್ಲ, ಕೂಗಿ ಹಾಕಿದವನು ಅಂತ ನನಗೆ ಗೊತ್ತಿತ್ತು.

ಮುಂದಿನ ಜನವರಿಯಿಂದ ಒಂದು ನೋಟ್‌ಬುಕ್ ಇಟ್ಟೆ. ಒಂದು ಪಂದ್ಯಕ್ಕೆ ಒಂದು ಪುಟ. ಮೇಲೆ ತಾರೀಕು, ಊರು, ಅದು ಯಾರ ಊರು ಎಂಬುದು. ನಡುವೆ ಆ ರಾತ್ರಿಯ ಅನಿಸಿಕೆ, ಪೆನ್ಸಿಲ್‌ನಲ್ಲಿ. ಕೆಳಗಿನ ಅರ್ಧ ಪುಟ ಖಾಲಿ. ಡಿಸೆಂಬರ್‌ನಲ್ಲಿ ಪಂದ್ಯವನ್ನು ಮತ್ತೊಮ್ಮೆ ನೋಡಿ ಅಲ್ಲಿ ಪೆನ್ನಿನಲ್ಲಿ ಬರೆಯುತ್ತೇನೆ. ಪೆನ್ಸಿಲ್ಲಿಗೂ ಪೆನ್ನಿಗೂ ಎಷ್ಟು ಸಲ ಹೊಂದುವುದಿಲ್ಲ ಎಂದು ನೋಡಿದರೆ ನನಗೇ ನಾಚಿಕೆ.

'ಯಾರ ಊರು' ಎಂಬ ಸಾಲು ಮೊದಲು ಸುಮ್ಮನೆ ಬರೆದುಕೊಳ್ಳುತ್ತಿದ್ದೆ. ಅದರ ಬೆಲೆ ತಿಳಿದದ್ದು 2018ರಲ್ಲಿ. ಒಲೆಕ್ಸಾಂಡರ್ ಉಸಿಕ್ ಆ ವರ್ಷ ಲಾಟ್ವಿಯಾದ ಮೈರಿಸ್ ಬ್ರೀಡಿಸ್‌ನನ್ನು ರಿಗಾದಲ್ಲಿ, ರಷ್ಯಾದ ಮುರಾತ್ ಗಾಸಿಯೇವ್‌ನನ್ನು ಮಾಸ್ಕೋದಲ್ಲಿ, ಇಂಗ್ಲೆಂಡಿನ ಟೋನಿ ಬೆಲ್ಯೂನನ್ನು ಮ್ಯಾಂಚೆಸ್ಟರ್‌ನಲ್ಲಿ ಸೋಲಿಸಿದ. ಮೂರು ಪಂದ್ಯ, ಮೂರೂ ಎದುರಾಳಿಯ ಅಂಗಳದಲ್ಲಿ. ಜನರ ಕೂಗು ಜಡ್ಜ್‌ನ ಕಿವಿಗೂ ಬೀಳುತ್ತದೆ. ಅಂಥಲ್ಲಿ ಹೋಗಿ ಗೆಲ್ಲುವವನು ಪ್ರತಿ ರೌಂಡನ್ನೂ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಗೆಲ್ಲಬೇಕು. ಆ ಸಲ ನಾಲ್ಕಕ್ಕೆ ನಾಲ್ಕೂ ವೋಟು ಉಸಿಕ್‌ಗೆ.

ಇನ್ನೊಂದು ವಿಷಯಕ್ಕೆ ನಾವು ಪದೇಪದೇ ಮುಗ್ಗರಿಸುತ್ತೇವೆ. 'ಈಗಿರುವವರಲ್ಲಿ ಯಾರು ಶ್ರೇಷ್ಠ' ಎಂಬ ಪ್ರಶ್ನೆಯೇ ಬೇರೆ, 'ಈ ವರ್ಷ ಯಾರದು' ಎಂಬುದೇ ಬೇರೆ. ಎರಡನ್ನೂ ಕಲಸಿಕೊಂಡವರಿಗೆ ನಾನು ಗ್ಲೆನ್ ಜಾನ್ಸನ್ ಹೆಸರು ಹೇಳುತ್ತೇನೆ. ಒಂಬತ್ತು ಸೋಲು ಹೊತ್ತುಕೊಂಡು 2004ಕ್ಕೆ ಕಾಲಿಟ್ಟವನು. ಆ ವರ್ಷ ಕ್ಲಿಂಟನ್ ವುಡ್ಸ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಬೆಲ್ಟ್ ತೆಗೆದುಕೊಂಡ, ಸೆಪ್ಟೆಂಬರ್‌ನಲ್ಲಿ ರಾಯ್ ಜೋನ್ಸ್ ಜೂನಿಯರ್‌ನನ್ನು ಒಂಬತ್ತನೇ ರೌಂಡಿನಲ್ಲಿ ಮಲಗಿಸಿದ, ಡಿಸೆಂಬರ್‌ನಲ್ಲಿ ಆಂಟೋನಿಯೊ ಟಾರ್ವರ್‌ನನ್ನು ಸ್ಪ್ಲಿಟ್ ಡಿಸಿಷನ್‌ನಲ್ಲಿ (ಮೂವರು ಜಡ್ಜ್‌ಗಳಲ್ಲಿ ಇಬ್ಬರ ಲೆಕ್ಕದಿಂದ) ಹಿಂದಿಕ್ಕಿದ. ಶ್ರೇಷ್ಠರ ಪಟ್ಟಿಯಲ್ಲಿ ಅವನನ್ನು ಜೋನ್ಸ್‌ಗಿಂತ ಮೇಲೆ ಯಾರೂ ಇಡುವುದಿಲ್ಲ. 2004 ಮಾತ್ರ ಅವನದು, ರಿಂಗ್ ಪತ್ರಿಕೆಯೂ ಬರಹಗಾರರೂ ಒಪ್ಪಿದರು.

ರಿಂಗಿನ ಹೊರಗಿನ ನಡತೆಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬ ಚರ್ಚೆಯನ್ನು ನಾವು ಬೇಗ ಮುಗಿಸಿದೆವು. 1966ರಲ್ಲಿ ಮುಹಮ್ಮದ್ ಅಲಿ ಐದು ಸಲ ಪಟ್ಟ ಉಳಿಸಿಕೊಂಡರೂ ರಿಂಗ್ ಪತ್ರಿಕೆ ಆ ವರ್ಷದ ಪ್ರಶಸ್ತಿಯನ್ನೇ ತಡೆಹಿಡಿಯಿತು. ಸೇನೆಗೆ ಸೇರುವ ವಿಚಾರದಲ್ಲಿ ಅವನ ನಿಲುವು ಅಂದಿನವರಿಗೆ ಹಿಡಿಸಿರಲಿಲ್ಲ. ಇಂದು ಆ ನಿರ್ಧಾರವನ್ನು ನೋಡಿದರೆ ಮುಜುಗರ ಪತ್ರಿಕೆಗೇ, ಅಲಿಗಲ್ಲ.

ಸರಿ, 2023ಕ್ಕೆ ಬರೋಣ. ನಾನು ಕ್ರಾಫರ್ಡ್ ಎಂದು ಸಾರಿದಾಗ ಇಬ್ಬರು ತಕ್ಷಣ ಎದುರು ಬಿದ್ದರು. ಸ್ಪೆನ್ಸ್ 2019ರಲ್ಲಿ ಕಾರು ಪಲ್ಟಿಯಾಗಿ ಬದುಕುಳಿದವನು, 2021ರಲ್ಲಿ ಕಣ್ಣಿನ ರೆಟಿನಾ ಹರಿದದ್ದಕ್ಕೆ ಶಸ್ತ್ರಚಿಕಿತ್ಸೆ ಆದವನು, ಹದಿನೈದು ತಿಂಗಳಿಂದ ರಿಂಗಿಗೇ ಇಳಿಯದವನು. ಅಂಥವನನ್ನು ಹೊಡೆದದ್ದಕ್ಕೆ ಎಷ್ಟು ಅಂಕ? ಉತ್ತರ ಹೊಳೆಯದೆ ಪಂದ್ಯವನ್ನು ಮತ್ತೆ ಹಾಕಿಕೊಂಡು ಕೂತೆ. ಆ ಸಲ ಒಂದು ಬೇರೆ ಕೆಲಸ ಮಾಡಿದೆ: ಗೆದ್ದವನ ಕಡೆ ನೋಡಲೇ ಇಲ್ಲ. ಪರದೆಯ ಮೇಲೆ ಸ್ಪೆನ್ಸ್‌ನ ಪಾದ, ಭುಜ, ರೌಂಡುಗಳ ನಡುವೆ ಸ್ಟೂಲಿನ ಮೇಲೆ ಕೂತ ಭಂಗಿ, ಇಷ್ಟನ್ನೇ ನೋಡಿದೆ. ಮೊದಲ ರೌಂಡಿನಲ್ಲಿ ಹಳೆಯ ಸ್ಪೆನ್ಸ್ ಇದ್ದ, ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಏಟು) ಹಾಕುತ್ತ ಮುಂದೆ ನುಗ್ಗುತ್ತಿದ್ದ. ಎರಡನೆಯದರಲ್ಲಿ ವೃತ್ತಿಜೀವನದಲ್ಲೇ ಮೊದಲ ಸಲ ಕೆಳಗೆ ಬಿದ್ದ. ಆಮೇಲೂ ಮುಂದಕ್ಕೇ ಬಂದ, ಆದರೆ ಜ್ಯಾಬ್ ಹಾಕುವ ಮೊದಲು ಒಂದು ಕ್ಷಣ ಯೋಚಿಸುವವನಾದ. ಆ ಒಂದು ಕ್ಷಣದಲ್ಲಿ ಕ್ರಾಫರ್ಡ್‌ನ ಬಲಗೈ ಬಂದಿರುತ್ತಿತ್ತು. ಏಳನೇ ರೌಂಡಿನಲ್ಲಿ ಎರಡು ಸಲ ಬಿದ್ದ. ಅವನು ಸವೆದವನಾಗಿ ಬಂದಿದ್ದನೋ ಇಲ್ಲವೋ, ನಮ್ಮ ಕಣ್ಣೆದುರೇ ಸವೆದದ್ದು ನಿಜ. ಪೆನ್ನಿನಲ್ಲಿ ಬರೆದೆ: ಪೂರ್ತಿ ಅಂಕ.

ಅದೇ ಹುರುಪಿನಲ್ಲಿ ನನ್ನ ಪಕ್ಷ ಗಟ್ಟಿ ಮಾಡಿಕೊಳ್ಳಲು ಇನೋಯೆ ಪಂದ್ಯವನ್ನೂ ಹಾಕಿದೆ. ಅದಕ್ಕೆ ಮೊದಲು ನಮ್ಮ ಬಾಕ್ಸರ್ ಹೇಳಿದ ಮಾತು ಒಂದೇ: "ಹೊಟ್ಟೆಗೆ ಹಾಕೋ ಜ್ಯಾಬ್ ಲೆಕ್ಕ ಇಟ್ಕೊಂಡು ನೋಡು ಮಾರಾಯ."

ಫುಲ್ಟನ್ ಎತ್ತರದವನು, ಕೈ ಉದ್ದ, ಅಲ್ಲಿಯವರೆಗೆ ಸೋಲು ಕಂಡವನಲ್ಲ, ಎರಡು ಬೆಲ್ಟ್ ಹೊತ್ತವನು. ಇನೋಯೆ ಆ ತೂಕದಲ್ಲಿ ಮೊದಲ ಸಲ ಆಡುತ್ತಿದ್ದ. ಮೊದಲ ರೌಂಡಿನಿಂದಲೇ ಎಡಗೈ ಜ್ಯಾಬ್ ಮುಖಕ್ಕೊಮ್ಮೆ, ಹೊಟ್ಟೆಗೊಮ್ಮೆ. ಹೊಟ್ಟೆಯ ಏಟಿಗೆ ಯಾರೂ ಬೀಳಲಿಲ್ಲ, ಜನ ಕೂಗಲೂ ಇಲ್ಲ. ಅಂದು ರಾತ್ರಿ ನಾನದನ್ನು ಗಮನಿಸಿಯೇ ಇರಲಿಲ್ಲ, ಪೆನ್ಸಿಲ್ ಸಾಲಿನಲ್ಲಿ ಅದರ ಸುದ್ದಿಯೇ ಇಲ್ಲ. ಫುಲ್ಟನ್‌ನನ್ನು ಮಾತ್ರ ನೋಡುತ್ತ ಹೋದಾಗ ಗೊತ್ತಾಯಿತು, ಪ್ರತಿ ರೌಂಡಿಗೂ ಅವನ ಗಮನ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿದೆ. ಎಂಟನೆಯದರಲ್ಲಿ ಮತ್ತೆ ಹೊಟ್ಟೆಗೆ ಜ್ಯಾಬ್ ಬಂತು, ಅದರ ಬೆನ್ನಿಗೇ ಬಲಗೈ ನೇರ ತಲೆಗೆ. ಫುಲ್ಟನ್ ತೂರಾಡುತ್ತ ಹಿಂದೆ ಸರಿದ. ಇನೋಯೆ ಹಾರಿ ಎಡ ಹುಕ್ (ತೋಳು ಬಾಗಿಸಿ ಪಕ್ಕದಿಂದ ಬೀಸುವ ಏಟು) ಹಾಕಿ ಕೆಡವಿದ. ಎದ್ದವನ ಮೇಲೆ ಮತ್ತೆ ಮುಗಿಬಿದ್ದ, ರೆಫ್ರಿ ನಡುವೆ ಬಂದ. ಏಳು ರೌಂಡ್ ಬಿತ್ತಿದ್ದನ್ನು ಎಂಟರಲ್ಲಿ ಕೊಯ್ದ ಹಾಗಿತ್ತು.

ಆದರೂ ನಾನು ಸೋಲೊಪ್ಪಿರಲಿಲ್ಲ. ಡಿಸೆಂಬರ್ 26ಕ್ಕೆ ಟೋಕಿಯೊದಲ್ಲೇ ಇನೋಯೆ, ಮಾರ್ಲನ್ ತಪಾಲೆಸ್‌ನನ್ನು ಹತ್ತನೇ ರೌಂಡಿನಲ್ಲಿ ನಾಕೌಟ್ ಮಾಡಿ ನಾಲ್ಕು ವಿಶ್ವ ಸಂಸ್ಥೆಗಳು ಬೇರೆಬೇರೆಯಾಗಿ ಕೊಡುವ ಆ ತೂಕದ ನಾಲ್ಕೂ ಬೆಲ್ಟ್ ಒಟ್ಟುಮಾಡಿದ. ಒಂದು ವರ್ಷದ ಹಿಂದಷ್ಟೇ ಕೆಳಗಿನ ತೂಕದಲ್ಲೂ ನಾಲ್ಕು ಬೆಲ್ಟ್ ಗಳಿಸಿದ್ದ. ನಾಲ್ಕು ಬೆಲ್ಟ್‌ಗಳ ಕಾಲದಲ್ಲಿ ಎರಡು ತೂಕಗಳಲ್ಲಿ ಇದನ್ನು ಮಾಡಿದ ಮೊದಲ ಗಂಡಸು ಕ್ರಾಫರ್ಡ್, ಎರಡನೆಯವನು ಇವನು. ಇತಿಹಾಸದ ತಕ್ಕಡಿ ಹೀಗೆ ಸಮ ಆಯಿತು. ಉಳಿದದ್ದು ಕ್ಯಾಲೆಂಡರ್. ಕ್ರಾಫರ್ಡ್ ಆ ವರ್ಷ ಆಡಿದ್ದು ಒಂದೇ ಪಂದ್ಯ.

ಕ್ರಾಫರ್ಡ್‌ನ ರಾತ್ರಿ ಇನೋಯೆಯ ಎರಡೂ ರಾತ್ರಿಗಿಂತ ದೊಡ್ಡದು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ನೋಟ್‌ಬುಕ್ ತೆರೆದರೆ ಒಂದು ಕಡೆ ಒಂದು ಪುಟ, ಇನ್ನೊಂದು ಕಡೆ ಎರಡು, ಎರಡರಲ್ಲೂ ನನ್ನದೇ ಕೈಬರಹದಲ್ಲಿ ಪೂರ್ತಿ ಅಂಕ. 2012ರಲ್ಲಿ ಡೊನೇರ್‌ಗೆ ಮಾಡಿದ್ದನ್ನೇ ಮತ್ತೆ ಮಾಡಲು ಮನಸ್ಸು ಬರಲಿಲ್ಲ. ಡಿಸೆಂಬರ್ 31ಕ್ಕೆ ಇನೋಯೆ ಎಂದು ಬರೆದು ಚೀಟಿ ಮಡಚಿದೆ. ರಿಂಗ್ ಪತ್ರಿಕೆ 1972ರಲ್ಲಿ ಅಲಿ ಮತ್ತು ಮೊನ್ಸೋನ್‌ಗೆ, 1985ರಲ್ಲಿ ಹ್ಯಾಗ್ಲರ್ ಮತ್ತು ಕರಿಗೆ ಹಂಚಿದ ಹಾಗೆ ಇಬ್ಬರಿಗೂ ಕೊಡೋಣ ಎಂಬ ರಾಜಿ ಸೂಚನೆ ಬಂತು, ಬಿದ್ದುಹೋಯಿತು. ಹಂಚಿಕೊಡುವುದಾದರೆ ಐದು ತಿಂಗಳು ಕಿತ್ತಾಡಿದ್ದು ಯಾಕೆ?

ಮೂರು-ಒಂದು. ಆ ಒಂದು ವೋಟು ಯಾರದು ಅಂದುಕೊಂಡಿರಿ? ಹೊಟ್ಟೆಯ ಜ್ಯಾಬ್ ಎಣಿಸು ಎಂದವನದೇ. "ನೀನು ಸರಿಯಾಗಿ ನೋಡ್ಲಿ ಅಂತ ಹೇಳಿದ್ದು, ಬದಲಾಗ್ಲಿ ಅಂತ ಅಲ್ಲ" ಎಂದು ನನ್ನ ನೋಟ್‌ಬುಕ್ ಎಳೆದುಕೊಂಡು ಕೊನೆಯ ಪುಟದಲ್ಲಿ 'ತಕರಾರು ಇದೆ' ಎಂದು ಬರೆದು ಸಹಿ ಹಾಕಿದ. 2024ರಲ್ಲಿ ಉಸಿಕ್ ಎರಡು ಸಲ ಟೈಸನ್ ಫ್ಯೂರಿಯನ್ನು ಸೋಲಿಸಿದ್ದರಿಂದ ನಮ್ಮ ಮತದಾನ ಐದು ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತೆಲ್ಲ ಅವನು ಆ ಹಳೆಯ ಪುಟ ತೆರೆದು ಕೂತಿದ್ದ.